ಸಂದಿಯೊಳಗಿನ ಬ್ಯಾಟು ಬೀಸು

ಬಂಗಾರಪೇಟೆ ರೈಲಿನಲ್ಲಿ ಒಂಟಿಕಾಲಲ್ಲಿ ನಿಂತು ತಪಸ್ಸು ಮಾಡುವ ಸಮಸ್ತ ಮಹಾಜನಗಳೇ!

ಇವತ್ತು ಆ ನೂಕುನುಗ್ಗಲಲ್ಲಿ ಮೊಣಕೈ ಪಕ್ಕೆಗೆ ಅಂಟಿದಾಗ ಊರಿಗಾಂ ಚಿನ್ನದ ಗಣಿ ಕಾರ್ಮಿಕರ ಲೈನುಮನೆಗಳ ನಡುವಿನ ಸಂದಿ ನೆನಪಾಯಿತು. ಶಾಲೆಯ ಬೇಸ್‌ಬಾಲ್ ತಂಡಕ್ಕೆ ನಾನು ಸೇರಲೇಬೇಕೆಂದು, ಹಳೇ ಆಟಗಾರ್ತಿ ಚಿಕ್ಕಮ್ಮ ಬ್ಯಾಟು ಕೊಟ್ಟು ನನ್ನನ್ನು ಅದರೊಳಗೆ ನೂಕಿ, ಅಕ್ಕಿ ಮೊರ ಹಿಡಿದು ದಾರಿಗಡ್ಡ ಕೂರುತ್ತಿದ್ದಳು.

“ಸೊಂಟ ಮೊದ್ಲು ತಿರುಗ್ಸಲಾ, ಕೈ ಆಮೇಲೆ! ಮೊಣಕೈ ಒಳಿಕ್ಕೆ!”

“ಗೋಡೆ ತಾಕ್ತೈತೆ ಚಿಕ್ಕಮ್ಮಾ!”

“ತಾಕ್ದಂಗೆ ಬೀಸೋಗಂಟ ಈಚೆ ಬಿಡಾಕಿಲ್ಲ ಕಣ್ಲಾ.”

ಗೆಣ್ಣು ತರಚಿ, ಬೆನ್ನೆಲ್ಲ ಸುಣ್ಣವಾದರೂ ಬಿಡುಗಡೆಯಿಲ್ಲ.

ಕೊನೆಗೆ ಆಯ್ಕೆಯಾದೆ. ಚಿಕ್ಕಮ್ಮ ಇವತ್ತಿಗೂ ಬಂದವರೆದುರು ನನ್ನ ಬೀಸನ್ನೇ ಹೊಗಳುತ್ತಾಳೆ.

ಆದರೆ ಆಯ್ಕೆಯ ದಿನ ಮೈದಾನದಲ್ಲಿ ನಾನು ಬ್ಯಾಟು ಬೀಸಲೇ ಇಲ್ಲ. ನಾಲ್ಕು ಚೆಂಡೂ ದಾರಿತಪ್ಪಿ ಬಂದದ್ದಕ್ಕೆ ಆಟದ ನಿಯಮದಂತೆ ಮೊದಲ ಬೇಸು ಬಿಟ್ಟಿ ಸಿಕ್ಕಿತು. “ಎಂಥಾ ತಾಳ್ಮೆ!” ಅಂದರು ಮೇಷ್ಟ್ರು. ತಾಳ್ಮೆಯಲ್ಲ ಸ್ವಾಮಿ, ಭಯಕ್ಕೆ ಕೈಯೇ ಏಳಲಿಲ್ಲ.