ಒಳಗಿಂದ ತೆರೆಯದ ಬಾಗಿಲು

ಭಂಕೂರದ ಕಲ್ಲಿನ ಗೋದಾಮಿನಲ್ಲಿ ಸಿಕ್ಕ, ಎರಡನೇ ಮಹಾಯುದ್ಧಕ್ಕೂ ಹಿಂದಿನ ಆ ಕಾರನ್ನು ಓಡುವಂತೆ ಮಾಡಲು ನನಗೆ ವರ್ಷಗಳೇ ಹಿಡಿದವು. ಎಂಜಿನ್ ಸರಿಹೋಯಿತು, ಬಣ್ಣ ಹೊಳೆಯಿತು. ಹಿಂದಿನ ಬಾಗಿಲುಗಳು ಮಾತ್ರ ಹೊರಗಿನಿಂದಷ್ಟೇ ತೆರೆಯುತ್ತಿದ್ದವು. ಹೊಸ ಬೀಗ ಮಾಡಿಸಿ ಹಾಕಿದೆ, ಕೂಡಲಿಲ್ಲ. ಆ ಕೊರತೆ ನನ್ನನ್ನು ಸದಾ ಕೊರೆಯುತ್ತಿತ್ತು.

ಅಷ್ಟರಲ್ಲಿ ಗೆಳೆಯ ಸಲೀಂ ತನ್ನ ಮದುವೆಗೆ ಇದೇ ಕಾರು ಬೇಕೆಂದು ಹಟ ಹಿಡಿದ. ಶಹಾಬಾದಿನಿಂದ ಚಿತ್ತಾಪುರಕ್ಕೆ ಹೊರಟೆವು. ಬಾಗಿಲಿನ ವಿಷಯ ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ನಾನೇ ಇಳಿದು ತೆರೆದರಾಯಿತು ಅಂದುಕೊಂಡಿದ್ದೆ. ಆದರೆ ಹೆಣ್ಣಿನ ಮನೆ ಮುಂದೆ ನಿಲ್ಲಿಸುತ್ತಲೇ ರೇಡಿಯೇಟರ್ ಕುದಿದು ಹಬೆ ಎದ್ದಿತು. ನೀರು ತರಲು ಓಡಿದವನು ಮದುಮಗನನ್ನು ಮರೆತೇಬಿಟ್ಟೆ.

ಕೊಡ ಹಿಡಿದು ಬಂದರೆ, ಸಲೀಂ ಮುಖದ ಮೇಲಿನ ಹೂವಿನ ಸೆಹ್ರಾ ಸರಿಸಿ, ಇಳಿಯದ ಗಾಜನ್ನು ಬಡಿಯುತ್ತಿದ್ದ. ಮದುಮಗನಿಗೆ ಏನೋ ಸಿಟ್ಟು ಬಂದಿದೆ ಎಂದು ಸುತ್ತ ನಿಂತವರು ಗಾಬರಿಯಾಗಿದ್ದರು. ಹುಡುಗಿಯ ಅಜ್ಜಿ ಮುಂದೆ ಬಂದು ನನ್ನನ್ನು ಕೇಳಿದರು: "ಯಾಕ ತಮ್ಮಾ, ಅಳಿಯ ಇಳೀವಲ್ಲ?"

"ಬಾಗಿಲು ಒಳಗಿಂದ ತೆಗೀಲಿಕ್ಕ ಬರಂಗಿಲ್ರಿ ಅಮ್ಮಾ. ಭಾಳ ಹಳೀ ಗಾಡಿ, ತಪ್ಪು ತಿಳ್ಕೋಬ್ಯಾಡ್ರಿ."

ಅಜ್ಜಿ ಹಿಡಿಕೆ ತಿರುಗಿಸಿ, ಸಲೀಂನ ಕೈ ಹಿಡಿದು ಇಳಿಸಿಕೊಂಡರು. "ಇದರಾಗ ತಪ್ಪೇನದ? ಅಳಿಯ ಓಡಿ ಹೋಗಂಗಿಲ್ಲ. ಭಾಳ ಚಲೋ ಗಾಡಿ!"

ಎಲ್ಲರೂ ನಕ್ಕರು, ಸಲೀಂ ಕೂಡ. ನನ್ನ ಎದೆ ಹಗುರಾಯಿತು.

ಆಮೇಲೆ ಬೀಗದ ಗೋಜಿಗೇ ಹೋಗಿಲ್ಲ. ಯಾರು ಕೂತರೂ ನಾನೇ ಇಳಿದು ಬಾಗಿಲು ತೆರೆಯುತ್ತೇನೆ. ವಾಡಿ ಸ್ಟೇಷನ್ನಿನ ಮುಂದೆ ನೋಡಿದವರು ನನ್ನನ್ನು ಭಾರಿ ಮರ್ಯಾದಸ್ಥ ಎಂದುಕೊಂಡಿದ್ದಾರೆ.