ಕಲೆ ಹುಡುಕುತ್ತಿದ್ದ ನಾಗರತ್ನಮ್ಮ

ಮಕ್ಕಳು ಪುಸ್ತಕ ವಾಪಸು ತಂದರೆ ನಾಗರತ್ನಮ್ಮ ಅದನ್ನು ನೇರ ಕಪಾಟಿಗೆ ಇಡುತ್ತಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಪುಟ ತಿರುಗಿಸಿ, ಕಲೆ ಹುಡುಕುತ್ತಿದ್ದರು. ಬೈರಕೂರಿನ ಪಕ್ಕದ ನಮ್ಮೂರ ಪಂಚಾಯಿತಿ ಗ್ರಂಥಾಲಯ ಅವರ ಸುಪರ್ದಿಯಲ್ಲಿತ್ತು. ಬಾಯಲ್ಲಿ ಸದಾ ಎಲೆಅಡಿಕೆ, ಬೆರಳ ತುದಿಯಲ್ಲಿ ಸುಣ್ಣ. ಕಲೆ ಸಿಕ್ಕರೆ ಬೈಯುತ್ತಿರಲಿಲ್ಲ. ಸುಮ್ಮನೆ ಮಗುವಿನ ಮುಖ ನೋಡುತ್ತಿದ್ದರು. ಈ ಹೆಂಗಸು ಒಳಗೊಳಗೇ ಏನೋ ಹೂಡುತ್ತಿದ್ದಾಳೆ ಎಂದು ನನಗೆ ಗುಮಾನಿ.

ಆ ವರ್ಷ ನನಗೆ ಎಲ್ಲರ ಮೇಲೂ ಗುಮಾನಿಯೇ. ಹೆಂಡತಿ ತೀರಿಕೊಂಡಿದ್ದಳು. ಮಣ್ಣು ಮಾಡುವ ದಿನ ಐದು ವರ್ಷದ ಮಗಳು ಸಿರಿಯನ್ನು ಮುಳಬಾಗಿಲಿನ ಅಕ್ಕನ ಮನೆಗೆ ಕಳಿಸಿದ್ದೆ. ಅಮ್ಮ ಕೋಲಾರದ ಆಸ್ಪತ್ರೆಯಲ್ಲಿದ್ದಾಳೆ, ವಾಸಿಯಾದ ಮೇಲೆ ಬರುತ್ತಾಳೆ ಎಂದು ಹೇಳಿಬಿಟ್ಟಿದ್ದೆ. ಸುಳ್ಳು ನಿಜವೆನಿಸಲಿ ಎಂದು ಹೆಂಡತಿಯ ಚಪ್ಪಲಿಯನ್ನು ಬಾಗಿಲ ಬಳಿಯೇ ಇಟ್ಟಿದ್ದೆ. ಬಾಯಿ ಬಿಡಬೇಡಿ ಎಂದು ಬೀದಿಯವರಿಗೆಲ್ಲ ಕೈಮುಗಿದಿದ್ದೆ. ಯಾರಾದರೂ ಸಿರಿಯ ತಲೆ ಸವರಿದರೆ ನನ್ನ ಕಿವಿ ನಿಮಿರುತ್ತಿತ್ತು.

ಅಂಥದ್ದರಲ್ಲಿ ಅವಳ ಚೀಲದಲ್ಲಿ ಒಂದು ಚಿತ್ರಪುಸ್ತಕ ಸಿಕ್ಕಿತು. ತಾಯಿ ಹಸು ಸತ್ತುಹೋದ ಕರುವಿನ ಕಥೆ. ಒಂದು ಪುಟದ ತುಂಬ ಖಾಲಿ ಗೂಟ, ಬಿದ್ದ ಹಗ್ಗ. ಮುಂದಿನ ಪುಟದಲ್ಲಿ ಕೊಟ್ಟಿಗೆಯ ಉಳಿದ ಹಸುಗಳೆಲ್ಲ ಕರುವನ್ನು ನಡುವೆ ಬಿಟ್ಟುಕೊಂಡು ಮಲಗಿದ್ದವು. ನನಗೆ ಮೈ ಉರಿದುಹೋಯಿತು. ಪುಸ್ತಕ ಹಿಡಿದು ನೇರ ಗ್ರಂಥಾಲಯಕ್ಕೆ ಹೋದೆ.

"ಸಾವಿನ್ ಬುಕ್ಕು ನನ್ ಮಗೀಗೆ ಯಾಕ್ ಕೊಟ್ರಿ?"

"ನಾನೆಲ್ಲಿ ಕೊಟ್ನಪ್ಪ. ಅವಳೇ ಮೂರ್ ಸಲ ತಗೊಂಡೋದ್ಲು," ಎಂದರು ನಾಗರತ್ನಮ್ಮ. ಗೂಟದ ಪುಟ ತೆರೆದರು. ಮೂಲೆಯಲ್ಲಿ ಪುಟ್ಟ ಹೆಬ್ಬೆರಳಿನ ಕಲೆ, ಒಂದರ ಮೇಲೊಂದು. "ಇದೋ ಚೂಡು, ಇಲ್ನೋಡು. ನಿನ್ ಮಗಳು ಇಲ್ಲೇ ನಿಂತವ್ಳೆ. ಮುಂದಿನ್ ಪುಟಕ್ಕೆ ಕೈಯೇ ಬಿದ್ದಿಲ್ಲ."

ಪುಸ್ತಕ ಕಿತ್ತುಕೊಂಡು ಬಂದೆ. ಸಿರಿಯ ಕೈಗೆ ಸಿಗಬಾರದೆಂದು ಅದನ್ನು ಮಾವಿನ ತೋಪಿಗೆ ಒಯ್ದೆ. ಕಾಯಿ ಕೀಳುವ ಕಾಲ. ಬಿಡುವಾದಾಗೆಲ್ಲ, ಇದರಲ್ಲಿ ಇನ್ನೇನು ಮಸಲತ್ತಿದೆಯೋ ಎಂದು ತೆರೆದು ನೋಡುತ್ತಿದ್ದೆ. ವಾರದ ಮೇಲೆ ವಾಪಸು ಕೊಟ್ಟಾಗ ಅವರು ಎಂದಿನಂತೆ ಕಿಟಕಿಗೆ ಹಿಡಿದರು. ಗೂಟದ ಪುಟದಲ್ಲಿ ಮಾವಿನ ಸೊನೆಯ ಅಗಲವಾದ ಕಪ್ಪು ಕಲೆ.

"ಈ ಬೆಟ್ಟು ಮಗೀದಲ್ಲ," ಎಂದರು. "ಇಬ್ರೂ ಇಲ್ಲೇ ನಿಂತ್ರೆ ಹೆಂಗಪ್ಪ? ದೊಡ್ಡೋನು ನೀನು. ನೀನೇ ತಿರುಗಿಸ್ಬೇಕು." ಪುಸ್ತಕವನ್ನು ಮತ್ತೆ ನನ್ನ ಕೈಗೇ ಇಟ್ಟರು.

ಆ ಸಂಜೆ ಸಿರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಮ್ಮ ಸತ್ತುಹೋದಳು, ಇನ್ನು ಬರುವುದಿಲ್ಲ ಎಂದು ಹೇಳಿದೆ. ಬಹಳ ಹೊತ್ತು ಅತ್ತಳು. ನಾನೂ ಅತ್ತೆ. ಆಮೇಲೆ, "ಹಂಗಾದ್ರೆ ಅಮ್ಮನ್ ಚಪ್ಪಲಿ ಒಳಗಿಡಣ. ನಾಯಿ ಎತ್ಕೊಂಡೋಗುತ್ತೆ," ಎಂದಳು. ಇಬ್ಬರೂ ಸೇರಿ ಪುಟ ತಿರುಗಿಸಿದೆವು.

ಕಳೆದ ವರ್ಷ ನಾಗರತ್ನಮ್ಮ ಹೋಗಿಬಿಟ್ಟರು. ಅವರಿಲ್ಲದ ಗ್ರಂಥಾಲಯಕ್ಕೆ ಹೋಗಿ, ಆ ಪುಸ್ತಕ ಹುಡುಕಿ, ಅವರ ಹಾಗೆಯೇ ಕಿಟಕಿಗೆ ಹಿಡಿದೆ. ಗೂಟದ ಪುಟದಲ್ಲಿ ಸಿರಿಯ ಕಲೆ ಇತ್ತು, ನನ್ನದಿತ್ತು. ನನ್ನದರ ಅಡಿಯಲ್ಲಿ, ನಾನು ಎಂದೂ ಗಮನಿಸದ ಇನ್ನೊಂದು ಹಳೆಯ ಕಲೆಯಿತ್ತು: ಒಣಗಿದ ಸುಣ್ಣದ ಬೆರಳಿನದು. ಬೇರೆ ಯಾವ ಪುಟದಲ್ಲೂ ಸುಣ್ಣದ ಗುರುತಿರಲಿಲ್ಲ. ಅಷ್ಟು ದಿನ ಅವರನ್ನು ಗುಮಾನಿಯಿಂದಲೇ ನೋಡಿದೆ. ನಿಮ್ಮವರು ಯಾರು ಹೋದರಮ್ಮ ಎಂದು ಒಂದು ಸಲವೂ ಕೇಳಲಿಲ್ಲ.