ಎಣ್ಣೆ ಹಚ್ಚಿದವರಿಗೇ ಜ್ವರ

ಲೆಕ್ಕ ಹಾಕಿದವಳು ನಾನೇ, ಆದರೂ ನನಗೇ ನಂಬಿಕೆ ಬರಲಿಲ್ಲ. ತ್ಯಾಗಲಿಯಿಂದ ಆಚೆಯ ಒಂದು ಊರಿನಲ್ಲಿ ಮಂಗನ ಕಾಯಿಲೆಯ ಸಮೀಕ್ಷೆ ಮುಗಿಸಿ, ಶಿರಸಿಯ ಬಾಡಿಗೆ ಕೋಣೆಯಲ್ಲಿ ಕೂತಿದ್ದೆ. ಈ ಜ್ವರ ಕಾಡಿನ ಉಣುಗು ಎಂಬ ರಕ್ತ ಹೀರುವ ಹುಳ ಕಚ್ಚಿ ಬರುತ್ತದೆ. ಉಣುಗು ಮೈಗೆ ಹತ್ತದಿರಲಿ ಎಂದು ಮನೆಮನೆಗೆ ಒಂದು ಎಣ್ಣೆ ಹಂಚಿದ್ದರು. ನನ್ನ ಪಟ್ಟಿಯಲ್ಲಿ ನೋಡಿದರೆ, ಎಣ್ಣೆ ಹಚ್ಚಿದವರಿಗೇ ಜ್ವರ ಹೆಚ್ಚು.

ಎಣ್ಣೆ ಹಂಚಿದ ಆಶಾ ಕಾರ್ಯಕರ್ತೆಯೇ ಸಮೀಕ್ಷೆಯಲ್ಲೂ ನನ್ನ ಜೊತೆ ತಿರುಗಿದವರು. ಅವರ ಗಂಡನಿಗೂ ಜ್ವರ ಬಂದಿತ್ತು. ಆಸ್ಪತ್ರೆಯಿಂದ ಬಂದು ತಿಂಗಳಾದರೂ ಆತ ಗೋಡೆ ಹಿಡಿದೇ ನಡೆಯುತ್ತಿದ್ದ. ಎಲ್ಲ ಆ ಎಣ್ಣೆಯದೇ ಕಾಟ ಎಂದು ಊರಿನವರು ಆಡಿಕೊಳ್ಳಲು ಶುರುಮಾಡಿದ್ದರು.

“ಖರೆ ಹೇಳಿ ಮೇಡಂ, ನಾ ಕೊಟ್ಟ ಎಣ್ಣೆಯಿಂದ್ಲೇ ನಮ್ಮನೆಯವ್ರಿಗೆ ಜ್ವರ ಬಂತಾ?” ಎಂದು ಅವರು ಕೇಳಿದರು. ಲೆಕ್ಕ ಮುಗಿಯಲಿ ಎಂದು ಜಾರಿಕೊಂಡೆ.

ನನಗೆ ಪಟ್ಟಿಯ ಮೇಲೆ ಗುಮಾನಿ. ಎಣ್ಣೆ ಹಚ್ಚುವವರು ಯಾರು? ಒಣಗಿ ಉದುರಿದ ದರಕೆಲೆ ಗುಡಿಸಿ ತರಲು, ಸೊಪ್ಪು ಕಡಿಯಲು ಬೆಟ್ಟಕ್ಕೆ ಹೋಗುವವರು. ಮನೆಯಲ್ಲೇ ಇರುವವನಿಗೆ ಎಣ್ಣೆಯೂ ಬೇಡ, ಉಣುಗಿನ ಕಾಟವೂ ಇಲ್ಲ. ಇವರಿಬ್ಬರನ್ನು ಎದುರುಬದುರು ನಿಲ್ಲಿಸಿ ಎಣ್ಣೆಯನ್ನು ಬೈದರೆ ಯಾವ ನ್ಯಾಯ? ಸರೀಕರನ್ನು ಸರೀಕರ ಜೊತೆಗೇ ಹೋಲಿಸಬೇಕು. ವಾರಕ್ಕೆ ಅಷ್ಟೇ ದಿನ ಬೆಟ್ಟಕ್ಕೆ ಹೋಗುವ, ಹೆಚ್ಚುಕಡಿಮೆ ಅದೇ ವಯಸ್ಸಿನ ಇಬ್ಬರು. ಒಬ್ಬ ಎಣ್ಣೆ ಹಚ್ಚಿದವನು, ಇನ್ನೊಬ್ಬ ಹಚ್ಚದವನು. ಜಾತಕ ಕೂಡಿಸುವವರ ಹಾಗೆ ಒಂದು ವಾರ ಜೋಡಿ ಹುಡುಕಿದೆ.

ಎಣ್ಣೆಯ ಮೇಲಿನ ಅಪವಾದ ಹೋಯಿತು. ಆದರೆ ಅದರಿಂದ ಉಪಕಾರವೂ ಕಾಣಲಿಲ್ಲ. ಹಚ್ಚಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಇದು ಮೊದಲಿನದಕ್ಕಿಂತ ಹೆಚ್ಚು ತಲೆ ತಿಂದಿತು. ಎಣ್ಣೆ ಒಳ್ಳೆಯದೇ ಎಂದು ನನಗೆ ಗೊತ್ತಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಹಾಗಾದರೆ ಎಡವಿದ್ದೆಲ್ಲಿ?

ಮಾರನೆಯ ದಿನ ಬಸ್ಸು ಹತ್ತಿ ಮತ್ತೆ ಅದೇ ಊರಿಗೆ ಹೋದೆ. ಆಶಾ ಕಾರ್ಯಕರ್ತೆಯ ಜೊತೆ ಮೊದಲು ಹೊಕ್ಕ ಮನೆಯಲ್ಲಿ ಎಣ್ಣೆ ಬಾಟಲಿ ಇದ್ದದ್ದು ಬಚ್ಚಲಿನಲ್ಲಿ, ಸೀಗೆಪುಡಿ ಡಬ್ಬಿಯ ಪಕ್ಕ. ಇಲ್ಲೇಕೆ ಇಟ್ಟಿದ್ದೀರಿ ಎಂದು ಮನೆಯಾಕೆಯನ್ನು ಕೇಳಿದೆ.

“ಮತ್ತೆಲ್ಲಿ ಇಡುದು? ಬೆಟ್ಟದಿಂದ ಬಂದ್ಕೂಡ್ಲೆ ಮೈಗೆಲ್ಲ ಹಚ್ಚಿ, ಚೂರು ಹೊತ್ತು ಬಿಟ್ಟು, ಬಿಸಿನೀರಲ್ಲಿ ಮೀಯುದು. ಎಣ್ಣೆ ಅಂದ್ರೆ ಮತ್ತೆಂತಕ್ಕೆ?”

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಎಣ್ಣೆ ಹಚ್ಚಿದ ಮೇಲೆ ಮೀಯುವುದು ನನ್ನ ಮನೆಯಲ್ಲೂ ಇರುವ ರೂಢಿಯೇ. ಬೆಟ್ಟಕ್ಕೆ ಹೋಗುವ ಮೊದಲು ಹಚ್ಚಿ ಎಂದು ಬಿಡಿಸಿ ಹೇಳಬೇಕೆಂದು ಹಂಚಿದವರಿಗೆ ಹೊಳೆದಿರಲಿಲ್ಲ. ಯಾವಾಗ ಹಚ್ಚುತ್ತೀರಿ ಎಂದು ಕೇಳಬೇಕೆಂದು, ಪ್ರಶ್ನೆಪಟ್ಟಿ ಬರೆದ ನನಗೂ ಹೊಳೆದಿರಲಿಲ್ಲ. ಹಚ್ಚುತ್ತೀರಾ, ಹೌದು, ಇಲ್ಲ. ಅಷ್ಟೇ ಕೇಳಿದ್ದೆ. ಅಷ್ಟರ ಮೇಲೆ ಎಷ್ಟು ಜೋಡಿ ಕೂಡಿಸಿದರೇನು?

ಆ ಮನೆಯ ಜಗಲಿಯಲ್ಲೇ ಆಶಾ ಕಾರ್ಯಕರ್ತೆಗೆ ಎಲ್ಲ ವಿವರಿಸಿದೆ. ಒಳ್ಳೆಯ ಸುದ್ದಿ ಕೊಡುತ್ತಿದ್ದೇನೆಂಬ ಸಂಭ್ರಮ ನನಗೆ.

“ಹಂಗಾದ್ರೆ ಎಣ್ಣೆಯಿಂದ ಬಂದಿದ್ದಲ್ಲ?”

“ಖಂಡಿತ ಅಲ್ಲ.”

ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು.

“ದಿನಾ ಸಂಜೆ ಅವ್ರ ಬೆನ್ನಿಗೆ ನಾನೇ ತಿಕ್ಕಿ ತಿಕ್ಕಿ ಹಚ್ತಿದ್ದೆ ಮೇಡಂ,” ಎಂದರು. “ಬೆಳಿಗ್ಗೆ ಬೆಟ್ಟಕ್ಕೆ ಹೋಗುವಾಗ ಒಂದಿನಾನೂ ಹಚ್ಚಿ ಕಳಿಸ್ಲಿಲ್ಲ.”